ಗಾದಿ ಮುಸ್ತಾಕನ ಮಗಳು ಕಂಡ ಮೂರು ಶಾಲೆ

ಲಕ್ಷ್ಮೇಶ್ವರದ ಬಜಾರ ರಸ್ತೆಯಲ್ಲಿ ಗಾದಿ ಹೊಲಿಯುವ ಮುಸ್ತಾಕ ಕಡಿಮೆ ಮಾತಿನ ಮನುಷ್ಯ. ಗಿರಾಕಿ ಬಂದರೆ "ಸಿಂಗಲ್ಲೋ ಡಬಲ್ಲೋ?" ಎಂದು ಕೇಳುತ್ತಾನೆ. ಉತ್ತರ ಬಂದ ಮೇಲೆ "ಆತು" ಅನ್ನುತ್ತಾನೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಅರಳೆ ಹಿಂಜುವ ಯಂತ್ರದ ಪಕ್ಕದಲ್ಲಿ ಹದಿನೆಂಟು ವರ್ಷ ಕೂತವನಿಗೆ, ಆಡಿದ ಮಾತು ಹೇಗೂ ಯಾರಿಗೂ ಕೇಳುವುದಿಲ್ಲ ಎಂಬುದು ರೂಢಿಯಾಗಿತ್ತು.

ಆ ಮನೆಗೆ ಬೇಕಾದಷ್ಟು ಮಾತನ್ನು ಮಗಳು ರುಹಿ ಆಡುತ್ತಿದ್ದಳು. ಐದು ವರ್ಷದ ಹುಡುಗಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಿದ್ದಳು. ಮುಸ್ತಾಕನ ತಾಯಿ ಮೋತಿಬಿ ಮೊಮ್ಮಗಳ ಜೊತೆ ದಿನವಿಡೀ ವಾದಕ್ಕಿಳಿದು ಸಂಜೆಯ ಹೊತ್ತಿಗೆ ಸೋತು, ಚಹಾ ಕುಡಿದು ಮತ್ತೆ ಶುರು ಮಾಡುತ್ತಿದ್ದಳು.

ಇಂಥ ಹುಡುಗಿಯನ್ನು ಯಾವ ಶಾಲೆಗೆ ಹಾಕಬೇಕು ಎಂಬ ಪ್ರಶ್ನೆಗೆ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಮುಸ್ತಾಕನ ಹೆಂಡತಿ ಸಾಬೀರಾಳ ಅಣ್ಣ ಅಝೀಮ ಬೆಟಗೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವನ ಮಗಳು ಮಹೆಕ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. "ಮುಸ್ತಾಕ, ಸರಕಾರಿ ಸಾಲಿಗೆ ಹಾಕಿದಿ ಅಂದ್ರ ಹುಡುಗಿ ನಿನ್ನಂಗ ಆಕ್ಕಾಳ ನೋಡ" ಎಂದು ಅಝೀಮ ಹೇಳಿದ. ಮುಸ್ತಾಕನಿಗೆ ಬೇಜಾರಾಗಲಿಲ್ಲ. ತಾನೂ ಆ ಸರಕಾರಿ ಶಾಲೆಯಲ್ಲೇ ಏಳು ವರ್ಷ ಕಲಿತು ಗಾದಿಗೆ ಬಂದವನು. ಅಲ್ಲಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ತಾನೇ ಸಾಕ್ಷಿ ಎಂದು ಅವನೂ ಒಪ್ಪಿದ್ದ.

ಊರ ಹೊರಗೆ ಹೊಸದಾಗಿ ಎದ್ದ ಖಾಸಗಿ ಶಾಲೆಯ ಹೆಸರಿನ ಕೊನೆಗೆ 'ಇಂಟರ್‌ನ್ಯಾಷನಲ್' ಎಂದಿತ್ತು. ಶಿರಹಟ್ಟಿಯಿಂದ ಆಚೆಯವರು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಹಳದಿ ವ್ಯಾನು, ಕೊರಳಿಗೆ ಟೈ, ಟೈ ಮೇಲೆ ಸಿಂಹ. ಜೂನ್ ತಿಂಗಳಲ್ಲಿ ರುಹಿ ಯುಕೆಜಿಗೆ ಸೇರಿದಳು. ವ್ಯಾನ್ ಹತ್ತುವವರೆಗೂ ಮಾತಾಡುತ್ತಲೇ ಹೋಗುತ್ತಿದ್ದಳು. ಸಂಜೆ ಇಳಿದವಳೇ ಚೀಲ ಎಸೆದು ಸೀದಾ ಬಚ್ಚಲಿಗೆ ಓಡುತ್ತಿದ್ದಳು, ಆಮೇಲೆ ಬಂದು ಉಳಿದ ಮಾತು ಮುಂದುವರಿಸುತ್ತಿದ್ದಳು. ಆ ಓಟವನ್ನು ನೋಡಿ ಮೋತಿಬಿ ದಿನಾ ನಗುತ್ತಿದ್ದಳು.

ಡಿಸೆಂಬರಿನಲ್ಲಿ ಪಾಲಕರ ಸಭೆಗೆ ಕರೆ ಬಂತು. ಮುಸ್ತಾಕ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ತರಗತಿಯ ಮೇಡಂ ರುಹಿಯ ಪುಸ್ತಕ ತೆರೆದಿಟ್ಟು, ಅಕ್ಷರ ಚೆನ್ನಾಗಿವೆ ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮಗಳಿಗೆ ಕಿವಿ ಕೇಳಸ್ತದೇನ್ರಿ? ಮಾತು ಬರ್ತದೇನ್ರಿ?" ಎಂದು ಕೇಳಿದರು.

ಮುಸ್ತಾಕ ಹಿಂದೆ ತಿರುಗಿ ನೋಡಿದ. ಬೇರೆ ಪಾಲಕರು ಯಾರಾದರೂ ನಿಂತಿರಬಹುದು ಎಂದುಕೊಂಡ.

"ರುಹಿ ಅಪ್ಪಾರಲ್ರಿ ನೀವು?"

"ಹೌದ್ರಿ."

"ಬಂದು ಏಳು ತಿಂಗಳಾಯ್ತು. ಒಂದ ಶಬ್ದ ಆಡಿಲ್ಲ. ಒಂದ್ಸಲ ಡಾಕ್ಟರಿಗೆ ತೋರಿಸ್ರಿ."

ಮನೆಗೆ ಬಂದು ಹೇಳಿದಾಗ ಸಾಬೀರಾ, "ನೀವು ಬ್ಯಾರೇದವರ ಸಾಲಿಗೆ ಹೋಗಿದ್ರೇನ?" ಎಂದಳು. ಮೋತಿಬಿ ಏನೂ ಅನ್ನಲಿಲ್ಲ, ಯಾಕೆಂದರೆ ಆಗ ರುಹಿ ಮಾತಾಡುತ್ತಿದ್ದಳು.

ಆದರೂ ಮೇಡಂ ಹೇಳಿದ ಮೇಲೆ ಸುಮ್ಮನಿರಲಾಗುತ್ತದೆಯೇ. ಸೋಮವಾರ ಅಂಗಡಿ ಮುಚ್ಚಿ ಮಗಳನ್ನು ಗದಗಕ್ಕೆ ಕರೆದುಕೊಂಡು ಹೋದ. ಕಿವಿಯ ಡಾಕ್ಟರು ವಯಸ್ಸಾದವರು. ರುಹಿಯ ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿದಾಗೆಲ್ಲ ಕೈ ಎತ್ತು ಎಂದರು. ಎಲ್ಲ ಸದ್ದಿಗೂ ರುಹಿ ಕೈ ಎತ್ತಿದಳು. ಹೊರಗೆ ಶೇಂಗಾ ಮಾರುವವನು ಕೂಗಿದ್ದಕ್ಕೂ ಎತ್ತಿದಳು.

"ಕಿವಿ ನನಗಿಂತ ಚುರುಕ ಅದಾವು" ಎಂದು ಡಾಕ್ಟರು ಯಂತ್ರ ಬಿಚ್ಚಿದರು. "ಅಲ್ಲವಾ, ಮತ್ತ ಸಾಲ್ಯಾಗ ಯಾಕ ಮಾತಾಡಂಗಿಲ್ಲ?"

"ಸಾಲ್ಯಾಗ ಕನ್ನಡ ಮಾತಾಡಬಾರದ್ರಿ. ಮೇಡಂ ಮೊದಲನೇ ದಿವಸನ ಹೇಳ್ಯಾರ. ಇಂಗ್ಲೀಷ ನನಗ ಬರಂಗಿಲ್ರಿ. ಅದಕ್ಕ ಸುಮ್ಮ ಕುಂತೀನ್ರಿ."

"ಏಳು ತಿಂಗಳಾತಂತಲ್ಲವಾ!"

"ಇನ್ನೂ ಬಂದಿಲ್ರಿ" ಎಂದಳು ರುಹಿ.

ಡಾಕ್ಟರು ಚೀಟಿಯಲ್ಲಿ ಏನೋ ಬರೆಯಲು ಹೋಗಿ, ಬರೆಯುವಂಥದ್ದೇನೂ ಇಲ್ಲವೆಂದು ಪೆನ್ನು ಮುಚ್ಚಿದರು.

ವಾಪಸು ಬಸ್ಸಿನಲ್ಲಿ ಮುಸ್ತಾಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅರ್ಧ ದಾರಿಯಲ್ಲಿ ಅವನಿಗೊಂದು ಅನುಮಾನ ಬಂತು. "ರುಹಿ, ಒಂದಕ್ಕ ಬಂದ್ರ ಹೆಂಗ ಕೇಳ್ತಿದ್ದಿ?"

"ಕೇಳ್ತಿದ್ದಿಲ್ಲ. ಮನೀಗೆ ಬಂದ ಹೋಗ್ತಿದ್ದೆ."

ದಿನಾ ಸಂಜೆಯ ಆ ಓಟ ಅವನ ಕಣ್ಣ ಮುಂದೆ ಬಂತು. ಅವನು ಮಗಳ ಕೈಯನ್ನು ಲಕ್ಷ್ಮೇಶ್ವರದವರೆಗೂ ಬಿಡಲಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಿದಾಗಲೂ ಇನ್ನೊಂದು ಕೈಯಿಂದಲೇ ತಡಕಾಡಿ ಕೊಟ್ಟ.

ಮರುದಿನ ಪ್ರಿನ್ಸಿಪಾಲರನ್ನು ಕಂಡ. ಅವರು ಪೂರ್ತಿ ಕೇಳಿಸಿಕೊಂಡು, ಹುಡುಗಿ ಬಹಳ ಶಿಸ್ತಿನವಳು ಎಂದು ಮೆಚ್ಚಿದರು. ನಿಯಮ ಒಬ್ಬರಿಗಾಗಿ ಬದಲಾಗುವುದಿಲ್ಲ, ಮನೆಯಲ್ಲಿ ನೀವೂ ಇಂಗ್ಲಿಷ್ ಮಾತಾಡಿದರೆ ತಾನಾಗಿ ಬರುತ್ತದೆ ಎಂದರು.

ಹಾಗಾಗಿ ಮುಸ್ತಾಕನ ಮನೆಯಲ್ಲಿ ಇಂಗ್ಲಿಷ್ ಶುರುವಾಯಿತು. ಮುಸ್ತಾಕನಿಗೆ ಸಿಂಗಲ್ಲು, ಡಬಲ್ಲು, ಡೆಲಿವರಿ, ಅಡ್ವಾನ್ಸು ಎಂಬ ನಾಲ್ಕು ಶಬ್ದ ಬರುತ್ತಿದ್ದವು. ಅವನು ಊಟಕ್ಕೆ ಕೂತು "ರೊಟ್ಟಿ, ಡಬಲ್" ಎಂದ. ಮುಂಡರಗಿಯಲ್ಲಿ ಪಿಯುಸಿವರೆಗೆ ಓದಿದ ಸಾಬೀರಾ ಒಂದೆರಡು ವಾಕ್ಯ ಆಡಿದಳು, ಆದರೆ ಉತ್ತರ ಕೊಡುವವರು ಇರಲಿಲ್ಲ. ರುಹಿ ಶಾಲೆಯಲ್ಲಿ ಕೂತಂತೆಯೇ ಮನೆಯಲ್ಲೂ ಕೈಕಟ್ಟಿ ಕೂತಳು. ಎರಡು ದಿನ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಆ ಗಡಿಯಾರ ಸದ್ದು ಮಾಡುತ್ತದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಮೋತಿಬಿ ತಾಟು ಸರಿಸಿ ಎದ್ದು ನಿಂತಳು.

"ಮುಸ್ತಾಕ, ಇದು ಮನಿಯೋ ಆಸ್ಪತ್ರಿಯೋ? ನಾಳಿಂದ ಕೂಸಿನ್ನ ಕಳಸಬ್ಯಾಡ."

"ಆತು" ಎಂದ ಮುಸ್ತಾಕ.

ರುಹಿ ಆ ಶಾಲೆ ಬಿಟ್ಟಳು, ಆದರೆ ಮುಂದೇನು ಎಂಬುದು ಉಳಿಯಿತು. ಅದೇ ವಾರ ಮುಸ್ತಾಕ ಟಂಟಂ ಗಾಡಿಯಲ್ಲಿ ಎರಡು ಡಬಲ್ ಗಾದಿ ಹೇರಿಕೊಂಡು ನಾಗಾವಿಗೆ ಹೋದ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ವಿದ್ಯಾಶ್ರೀ ಎಂಬುವರ ಮನೆ. ಹತ್ತು ಗಂಟೆಯ ಹೊತ್ತಿಗೆ ಅವರ ಮಗ ಅಂಗಳದಲ್ಲಿ ಇರುವೆ ನೋಡುತ್ತ ಕೂತಿದ್ದ.

"ಇವತ್ತ ಸಾಲಿ ಸೂಟಿ ಏನ್ರಿ ಮೇಡಂ?"

"ಇಲ್ಲ. ಅಂವ ಸಾಲೀಗೇ ಹೋಗಂಗಿಲ್ಲ. ನಾವ ಮನ್ಯಾಗ ಕಲಸ್ತೀವಿ. ಈಗ ಇರಿವಿ ಓದಾಕ್ಹತ್ಯಾನ."

ಮುಸ್ತಾಕ ಗಾದಿ ಇಳಿಸುವುದನ್ನು ಬಿಟ್ಟು ಅರ್ಧ ಗಂಟೆ ಪ್ರಶ್ನೆ ಕೇಳಿದ. ಅವನ ಜೀವನದಲ್ಲಿ ಅಷ್ಟು ಪ್ರಶ್ನೆ ಕೇಳಿದ್ದು ಅದೇ ಮೊದಲು. ಇಷ್ಟು ಓದಿದವರು ಮನೆಯಲ್ಲಿ ಕಲಿಸುತ್ತಾರೆಂದರೆ ಅದರಲ್ಲಿ ಏನೋ ಇದೆ ಎಂದುಕೊಂಡು ಬಂದ.

ಸಾಬೀರಾ ಹೊಲಿಗೆ ಯಂತ್ರದ ಪಕ್ಕ ಹಲಗೆ ನೇತುಹಾಕಿದಳು. ಬೆಳಿಗ್ಗೆ ಕನ್ನಡ, ಆಮೇಲೆ ಲೆಕ್ಕ, ಮಧ್ಯಾಹ್ನ ಇಂಗ್ಲಿಷ್. ಲೆಕ್ಕಕ್ಕೆ ಅಳತೆಯ ಟೇಪು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಗಾದಿಯಲ್ಲಿ ಎಷ್ಟು ಸಾಲು ಟಾಕಾ, ಅಂದರೆ ಹೊಲಿಗೆ, ಬೀಳುತ್ತವೆ ಎಂದು ರುಹಿ ಮೇ ತಿಂಗಳೊಳಗೆ ಹೇಳತೊಡಗಿದಳು. ಓದುವುದು ಬಂತು. ಕಂಡದ್ದನ್ನೆಲ್ಲ ಓದಿದಳು. ಅಂಗಡಿಯ ಬೋರ್ಡು ಓದಿದಳು. "ಶುದ್ಧ ಹೊಸ ಅರಳೆಯ ಗಾದಿಗಳು" ಎಂದಿತ್ತು.

ಶಿರಹಟ್ಟಿಯಿಂದ ಬಂದ ಫಕ್ರುಸಾಬ ಮಗಳ ಮದುವೆಗೆಂದು ಗಾದಿ ನೋಡುತ್ತಿದ್ದ. ರುಹಿ ಪಕ್ಕದಲ್ಲಿ ನಿಂತು, "ಕಾಕಾ, ಈ ಗಾದ್ಯಾಗ ಅರ್ಧ ಹಳೇ ಅರಳಿ ಐತಿ. ಬೋರ್ಡ ತಪ್ಪ ಐತಿ" ಎಂದಳು.

ಫಕ್ರುಸಾಬ ಮುಸ್ತಾಕನ ಮುಖ ನೋಡಿದ. ಮುಸ್ತಾಕ ಬೋರ್ಡಿನ ಮುಖ ನೋಡಿದ. "ಖರೇನ ಹೇಳ್ತಾಳ್ರಿ" ಎಂದ ಕೊನೆಗೆ. ಫಕ್ರುಸಾಬ ಹೊಸ ಅರಳೆಯದನ್ನು ಬೇರೆ ಮಾಡಿಸಿಕೊಂಡು ಹೋದ. ಮುಸ್ತಾಕ ಪೇಂಟರನ್ನು ಕರೆಸಿ ಬೋರ್ಡಿನ ಮೊದಲ ಎರಡು ಶಬ್ದಗಳನ್ನು ಅಳಿಸಿದ.

ಮನೆಪಾಠದಲ್ಲಿ ಕಲಿಕೆಗೆ ಏನೂ ಕೊರತೆಯಾಗಲಿಲ್ಲ. ಕೊರತೆಯಾದದ್ದು ಬೇರೆ. ಜುಲೈ ಬರುವಷ್ಟರಲ್ಲಿ ಹತ್ತು ಗಂಟೆಗೆ ಮಕ್ಕಳೆಲ್ಲ ಶಾಲೆಗೆ ಹೋಗಿ ಓಣಿ ಖಾಲಿಯಾಗುತ್ತಿತ್ತು. ರುಹಿ ಕಟ್ಟೆಯ ಮೇಲೆ ಕೂತು ಸಂಜೆ ನಾಲ್ಕೂವರೆಯವರೆಗೆ ಕಾಯುತ್ತಿದ್ದಳು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, "ಅಪ್ಪಾ, ನನಗ ಜಗಳಾಡಾಕ ಯಾರೂ ಇಲ್ಲ" ಎಂದಳು.

"ಅಮ್ಮಾ ಅದಾಳಲ್ಲ" ಎಂದು ಮುಸ್ತಾಕ ತಾಯಿಯತ್ತ ಕೈ ತೋರಿಸಿದ.

"ಆಕಿ ಸೋಲತಾಳ. ಗೆಲ್ಲಾಕ ಬರೂವವರ ಬೇಕ."

ಮೋತಿಬಿಗೆ ಇದು ತಾಗಿತು. ಅವತ್ತು ಅವಳು ಸಂಜೆಯ ಚಹಾ ಕುಡಿಯಲಿಲ್ಲ.

ಅದೇ ವಾರ ಸರಕಾರಿ ಶಾಲೆಯ ಶಿಕ್ಷಕಿ ಮಂಜುಳಾ ಅಕ್ಕೋರು ಕೈಯಲ್ಲಿ ಕಾಗದ ಹಿಡಿದು ಮನೆಗೆ ಬಂದರು. ಶಾಲೆಯಿಂದ ಹೊರಗೆ ಉಳಿದ ಮಕ್ಕಳ ಪಟ್ಟಿ ಮಾಡುತ್ತಿದ್ದರು.

"ನಿಮ್ಮ ಹುಡುಗಿ ಸಾಲಿ ಹೊರಗ ಅದಾಳಂತಲ್ರಿ?"

"ಹೊರಗ ಇಲ್ರಿ, ಒಳಗ ಅದಾಳ. ಮನ್ಯಾಗ ಕಲಸ್ತೀವಿ" ಎಂದ ಮುಸ್ತಾಕ.

ಅಕ್ಕೋರು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ದುಡಿಯಲು ಹೋಗಿದೆ, ಗುಳೆ ಹೋಗಿದೆ, ಕಾಯಿಲೆ ಎಂದೆಲ್ಲ ಕಾಲಮ್ಮುಗಳಿದ್ದವು. ಇದಕ್ಕೆ ಇರಲಿಲ್ಲ. "ಇತರೆ ಅಂತ ಬರೀತೀನ್ರಿ" ಎಂದರು.

ರುಹಿ ಇಣುಕಿ ತನ್ನ ಹೆಸರಿನ ಮುಂದಿದ್ದ 'ಇತರೆ' ಎಂಬುದನ್ನು ಓದಿದಳು. "ಅಕ್ಕೋರ, ನಿಮ್ಮ ಸಾಲ್ಯಾಗ ಕನ್ನಡ ಮಾತಾಡಬಹುದೇನ್ರಿ?"

"ಮಾತಾಡೂದು ಬ್ಯಾಡ ಅಂದ್ರ ಯಾರ ಕೇಳ್ತಾರವಾ ಅಲ್ಲಿ?" ಎಂದು ಅಕ್ಕೋರು ನಕ್ಕರು.

ಅವರು ಹೋದ ಮೇಲೆ ರುಹಿ ಹಠ ಹಿಡಿದಳು. ಮುಸ್ತಾಕ "ಆತು" ಅನ್ನಲಿಲ್ಲ. ಮನೆಯವರಿಗೆಲ್ಲ ಆಶ್ಚರ್ಯವಾಯಿತು. ಮಗಳನ್ನು ಇಷ್ಟೆಲ್ಲ ಸುತ್ತಾಡಿಸಿ ಕೊನೆಗೆ ತಾನು ಕೂತ ಜಾಗದಲ್ಲೇ ಕೂಡಿಸಿದಂತಾಗುತ್ತದೆ ಎಂಬ ನಾಚಿಕೆ ಅವನನ್ನು ಕಾಡುತ್ತಿತ್ತು. ಅಝೀಮ ಏನಂದಾನು ಎಂಬುದೂ ಇತ್ತು. ನಾಲ್ಕು ದಿನ ಯೋಚಿಸಿ, ಯಾರಿಗೂ ಹೇಳದೆ, ಒಮ್ಮೆ ನೋಡಿಯಾದರೂ ಬರೋಣ ಎಂದು ಶಾಲೆಯ ಗೇಟಿಗೆ ಹೋಗಿ ನಿಂತ.

ಹೆಡ್‌ಮಾಸ್ತರರು ಹೊಸಬರು. ಅವನನ್ನು ಕಂಡವರೇ ಬೀಸುಗಾಲಿನಲ್ಲಿ ಬಂದರು. "ಟಾಕಿ ನಳದ ರಿಪೇರಿಗೆ ಬಂದೀರೇನ? ಮೂರ ದಿನ ಆತಲ್ರಿ ಫೋನ್ ಮಾಡಿ! ಬರ್ರಿ, ಬರ್ರಿ."

ಯಾರನ್ನೂ ತಿದ್ದುವ ಅಭ್ಯಾಸ ಮುಸ್ತಾಕನಿಗಿಲ್ಲ. ಹಿಂದೆಯೇ ಹೋದ. ನೀರಿನ ಟಾಕಿ ಒಂದನೆಯ ತರಗತಿಯ ಕಿಟಕಿಗೆ ಹತ್ತಿಕೊಂಡೇ ಇತ್ತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಗೋಡೆಯ ಸುಣ್ಣ ಅವನ ಕಾಲದಲ್ಲಿ ಉದುರಿದ ಜಾಗದಲ್ಲೇ ಮತ್ತೆ ಉದುರಿತ್ತು. ಮಂಜುಳಾ ಅಕ್ಕೋರೂ ನೆಲದ ಮೇಲೆಯೇ ಕೂತಿದ್ದರು. ಒಬ್ಬ ಹುಡುಗ ಎದ್ದು ನಿಂತು, ತಮ್ಮ ಮನೆಯ ಆಡು ಕರೆಂಟಿನ ಬಿಲ್ಲು ತಿಂದ ಕಥೆ ಹೇಳುತ್ತಿದ್ದ. ತಡವರಿಸುತ್ತಿದ್ದ, ಹಿಂದೆ ಹೋಗುತ್ತಿದ್ದ, ಆಡಿನ ಬಣ್ಣ ಮರೆತು ಮತ್ತೆ ಹೇಳುತ್ತಿದ್ದ. ಅಕ್ಕೋರು ಅವಸರ ಮಾಡಲಿಲ್ಲ. "ಆಮ್ಯಾಲೆ?" ಎಂದು ಕೇಳುತ್ತಿದ್ದರು. ಕಥೆ ಪೂರ್ತಿ ಮುಗಿದ ಮೇಲೆ ಎದ್ದು ಹಲಗೆಯ ಮೇಲೆ 'ಆಡು' ಎಂದು ಬರೆದರು.

ಮುಸ್ತಾಕ ಅಷ್ಟು ಹೊತ್ತೂ ನಳ ಹಿಡಿದುಕೊಂಡು ನಿಂತಿದ್ದ. ಬಂದದ್ದೇ ಬಂದಾಯಿತು ಎಂದು ಕಿಸೆಯಲ್ಲಿದ್ದ ಗಾದಿ ಹೊಲಿಯುವ ದಾರವನ್ನು ನಳದ ತಿರುಪಿಗೆ ಸುತ್ತಿ ಬಿಗಿ ಮಾಡಿದ. ಸೋರುವುದು ನಿಂತಿತು.

"ಬಿಲ್ಲ ಆಫೀಸಿನ್ಯಾಗ ಕೊಡ್ರಿ" ಎಂದರು ಹೆಡ್‌ಮಾಸ್ತರರು.

"ಬಿಲ್ಲ ಬ್ಯಾಡ್ರಿ. ಮಗಳ ಹೆಸರ ಹಚ್ಚಬೇಕಾಗಿತ್ತು."

ಹೆಡ್‌ಮಾಸ್ತರರು ನಳವನ್ನೂ ಅವನನ್ನೂ ನೋಡಿ, ಆಮೇಲೆ ಕುರ್ಚಿ ತರಿಸಿದರು.

ರುಹಿ ಒಂದನೆಯ ತರಗತಿಗೆ ಸೇರಿದಳು. ಮೊದಲ ದಿನ ಬಾಗಿಲಲ್ಲಿ ನಿಂತು, "ಒಂದಕ್ಕ ಹೋಗೂದಿದ್ರ ಯಾರ್ನ ಕೇಳಬೇಕ್ರಿ?" ಎಂದು ಕೇಳಿದಳು. ಅಕ್ಕೋರು ಜಾಗ ತೋರಿಸಿದರು. ಮೂರನೆಯ ತರಗತಿಯ ಒಬ್ಬಳ ಜೊತೆ ಎರಡನೆಯ ದಿನವೇ ಜಗಳವಾಯಿತು, ರುಹಿ ಸೋತಳು. ಸಂಜೆ ಬಹಳ ಖುಷಿಯಲ್ಲಿ ಮನೆಗೆ ಬಂದಳು.

ಎಲ್ಲವೂ ಸುಸೂತ್ರವಾಯಿತು ಎಂದೇನಲ್ಲ. ಚಳಿಗಾಲದಲ್ಲಿ ಅಕ್ಕೋರಿಗೆ ಬೇರೆ ಸಮೀಕ್ಷೆಯ ಕೆಲಸ ಬಿತ್ತು. ಎರಡು ತಿಂಗಳು ಆ ಕೋಣೆಗೆ ಕಾಯಂ ಯಾರೂ ಇರಲಿಲ್ಲ. ಮುಸ್ತಾಕ ಆಗ ಒಳಗೊಳಗೇ ತಪ್ಪು ಮಾಡಿದೆನೇನೋ ಎಂದು ಕೊರಗಿದ. ಸಾಬೀರಾ ಹಲಗೆಯನ್ನು ತೆಗೆದಿರಲಿಲ್ಲ. ಸಂಜೆ ರುಹಿಯ ಜೊತೆ ಓಣಿಯ ಮತ್ತೆ ನಾಲ್ಕು ಮಕ್ಕಳು ಇಂಗ್ಲಿಷ್ ಕಲಿಯಲು ಬಂದು ಕೂತರು. ಸಾಬೀರಾ ಯಾವ ಭಾಷೆಯನ್ನೂ ಬೇಡ ಅನ್ನಲಿಲ್ಲ, ಹಾಗಾಗಿ ಪಾಠಕ್ಕಿಂತ ಗದ್ದಲ ಹೆಚ್ಚಿತ್ತು.

ಬಕ್ರೀದಿಗೆ ಅಝೀಮ ಸಂಸಾರ ಸಮೇತ ಬೆಟಗೇರಿಯಿಂದ ಬಂದ. ಮಹೆಕ ನಿಂತು ಇಂಗ್ಲಿಷ್ ಪದ್ಯವೊಂದನ್ನು ಒಂದೇ ಉಸಿರಿಗೆ ಹೇಳಿದಳು. ಚೆನ್ನಾಗಿಯೇ ಹೇಳಿದಳು. ರುಹಿ ಅದರ ಅರ್ಥ ಕೇಳಿದಳು, ಅದನ್ನು ಹೇಳಿಕೊಟ್ಟಿಲ್ಲ ಎಂದಳು ಮಹೆಕ. ಸಾಬೀರಾ ಇಬ್ಬರನ್ನೂ ಕೂಡಿಸಿಕೊಂಡು ಒಂದೊಂದೇ ಸಾಲು ಬಿಡಿಸಿದಳು. ಇಬ್ಬರಿಗೂ ಪದ್ಯ ಇಷ್ಟವಾಯಿತು.

ಅಝೀಮ ಮುಸ್ತಾಕನನ್ನು ಹೊರಗೆ ಕಟ್ಟೆಗೆ ಕರೆದ. "ಖರೆ ಹೇಳ ಮುಸ್ತಾಕ. ಮೂರೂ ನೋಡಿದಿ. ಯಾವ್ದ ಚಲೋ?"

ಮುಸ್ತಾಕನಿಗೆ ಈಗಲೂ ಖಾತ್ರಿಯಿರಲಿಲ್ಲ. ನಾಗಾವಿಯ ಆ ಹುಡುಗ ಇರುವೆಗಳ ಬಗ್ಗೆ ಏನೆಲ್ಲ ತಿಳಿದುಕೊಂಡಿರಬಹುದು ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

"ಗೊತ್ತಿಲ್ಲ ಅಝೀಮಭಾಯಿ. ಈ ಸಾಲ್ಯಾಗ ಮಾತಾಡ್ತಾಳ."

"ಅದು ಹೋಗ್ಲಿ. ಮುಂದ ಏನ ಮಾಡಾಂವ ನೀ?"

"ಮುಂದ ಎರಡನೇ ಕ್ಲಾಸು" ಎಂದ ಮುಸ್ತಾಕ.