ಬೀಳು ಏಳು

ಕಣಕಟ್ಟೆಯ ನಮ್ಮ ಶಾಲೆಯಲ್ಲಿ ಐಸ್ ಹಾಕಿ ಆಟ ಕಲಿಸುತ್ತಿದ್ದ ಪಿ.ಟಿ. ಮೇಷ್ಟ್ರು ಐಸನ್ನು ಕಂಡಿದ್ದು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ. ಮಕ್ಕಳು ಗಾಲಿಶೂ ಕಟ್ಟಿಕೊಂಡು, ಕೊಬ್ಬರಿ ಒಣಗಿಸುವ ಸಿಮೆಂಟ್ ಕಣದಲ್ಲಿ ತೆಂಗಿನ ಕರಟವನ್ನು ಕೋಲಿನಿಂದ ತಳ್ಳುತ್ತಿದ್ದರು. ಯಾರಾದರೂ ನಕ್ಕರೆ ಮೇಷ್ಟ್ರು, "ಐಸ್ ಆಮೇಲೆ ಬತ್ತದೆ ಕಣ್ರೀ. ಪ್ಲ್ಯಾನ್ ಪ್ರಕಾರ ಹೋಗಾಣ" ಎನ್ನುತ್ತಿದ್ದರು.

ಪ್ಲ್ಯಾನ್ ಎಂದರೆ ಪ್ರತಿ ಸೋಮವಾರ ಅವರು ಗೆರೆ ಎಳೆದು ಬರೆಯುತ್ತಿದ್ದ ಒಂದು ಹಾಳೆ. ಬರೆದು ಮುಗಿದೊಡನೆ ಪೆನ್ನಿನ ಮುಚ್ಚಳವನ್ನು ಟಪ್ಪೆಂದು ಹಾಕುತ್ತಿದ್ದರು. ಅಲ್ಲಿಗೆ ಚರ್ಚೆ ಮುಗಿಯಿತು.

ಒಮ್ಮೆ ಮೀಟಿಂಗಿಗೆಂದು ಅರಸೀಕೆರೆಗೆ ಹೊರಟವರು ಹೊಸ ಮಕ್ಕಳ ಅಭ್ಯಾಸವನ್ನು ನನಗೆ ಒಪ್ಪಿಸಿದರು. ನಾನು ಗಣಿತದವನು. ಹಾಳೆಯ ಮೊದಲ ಸಾಲಿನಲ್ಲಿ "ಬೀಳು ಏಳು" ಎಂದಿತ್ತು. ಎಲ್ಲರನ್ನೂ ಏಳು ಸಲ ಬೀಳಿಸಿದೆ. ತಿಂಗಳಿಂದ ಗೋಡೆ ಬಿಡದಿದ್ದ ಪುಟ್ಟ ಹುಡುಗಿಯೊಬ್ಬಳು ಅಳುತ್ತಲೇ ಏಳೂ ಸಲ ಬಿದ್ದಳು.

ಸಂಜೆ ಮರಳಿದ ಮೇಷ್ಟ್ರು ತರಚಿದ ಮಂಡಿಗಳನ್ನು ನೋಡಿ, "ಏನ್ ಮಾಡ್ಸಿದ್ರಿ?" ಎಂದರು.

"ಏಳು ಸಲ ಬೀಳ್ಸಿದೆ. ನೀವೇ ಬರ್ದಿದ್ರಲ್ಲ."

"ಅದು ಅಂಕಿ ಅಲ್ಲ ಕಣ್ರೀ! ಬಿದ್ಮೇಲೆ ಎದ್ದೇಳು ಅಂತ!"

ಅಷ್ಟರಲ್ಲಿ ಆ ಹುಡುಗಿ ಗೋಡೆಯ ಹಂಗಿಲ್ಲದೆ, ಕರಟ ತಳ್ಳಿಕೊಂಡು ನಮ್ಮ ನಡುವೆಯೇ ಹಾದುಹೋದಳು. ಮೇಷ್ಟ್ರು ಅವಳನ್ನೇ ನೋಡುತ್ತಾ ಕೇಳಿದರು: "ಎಷ್ಟ್ ಸಲ ಎದ್ಲು?"

"ಏಳು."

"ಹಂಗಾರೆ ಪ್ಲ್ಯಾನ್ ಪ್ರಕಾರಾನೇ ಐತೆ ಬಿಡಿ."

ಮುಂದಿನ ಸೋಮವಾರದ ಹಾಳೆಯಲ್ಲಿ "ಬೀಳು: 7" ಎಂದು ಅಂಕಿಯಲ್ಲೇ ಬರೆದಿದ್ದರು. ಎದ್ದೇಳುವ ವಿಷಯ ಎಲ್ಲೂ ಇರಲಿಲ್ಲ.