ದೊಡ್ಡಕ್ಕನ ರಕ್ತದ ಸಾಕ್ಷಿ

ಹಾಸ್ಟೆಲಿನ ಅಡುಗೆಯವಳನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಹೊಟ್ಟೆಯಲ್ಲಿ ಉರಿಯೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಜಠರದಲ್ಲಿ ಬ್ಯಾಕ್ಟೀರಿಯಾ ಇದೆ ಎಂದರು. ಹದಿನಾಲ್ಕು ದಿನ ಮೂರು ಬಗೆಯ ಮಾತ್ರೆ ನುಂಗಿದಳು. ಗುಣವಾಗಿದೆ ಎಂಬ ಚೀಟಿ ತಂದರೆ ಮಾತ್ರ ಒಲೆಯ ಹತ್ತಿರ ಬಿಡುತ್ತೇನೆಂದು ವಾರ್ಡನ್ ಹೇಳಿದ್ದ. ಐದು ವಾರದ ಮೇಲೆ ಮತ್ತೆ ರಕ್ತ ಕೊಟ್ಟಳು. ಮತ್ತೆ ಪಾಸಿಟಿವ್!

"ಮಾತ್ರೆ ನುಂಗಿದ್ಯೋ, ಮೋರಿಗೆ ಹಾಕಿದ್ಯೋ?" ಎಂದ ವಾರ್ಡನ್. "ಸೋಮವಾರ ಬೇರೆಯವಳು ಬರ್ತಾಳೆ."

ಮನೆಯಲ್ಲೂ ಅದೇ. ಗಂಡ ಕಪಾಟು ಕೆದಕಿ ಖಾಲಿ ಮಾತ್ರೆಪಟ್ಟಿಗಳನ್ನು ಎಣಿಸಿದ. ಅತ್ತೆ ಅವಳ ಲೋಟವನ್ನು ಬೇರೆಯಿಟ್ಟರು. ಆದರೆ ಅವಳು ಮಾಡಿದ ಅಡುಗೆ ಮಾತ್ರ ಎಲ್ಲರಿಗೂ ಬೇಕಿತ್ತು. ಒಂದು ಮಾತ್ರೆ ತಪ್ಪಿಸಿದೆನೇ ಎಂದು ಅವಳಿಗೇ ಅನುಮಾನ ಹತ್ತಿತು.

ಅವಳು ನೇರ ಲ್ಯಾಬಿಗೆ ಹೋದಳು.

"ರಕ್ತ ಯಾಕೆ ಕೊಟ್ರಿ ಅಕ್ಕಾ?" ಎಂದಳು ಅಲ್ಲಿದ್ದ ಹೆಂಗಸು. "ರಕ್ತದ ಪರೀಕ್ಷೆ ಬ್ಯಾಕ್ಟೀರಿಯಾನ ಹುಡುಕಲ್ಲ. ಅದರ ವಿರುದ್ಧ ನಿಮ್ಮ ಮೈ ತಯಾರು ಮಾಡಿದ ಪ್ರತಿಕಾಯನ ತೋರಿಸುತ್ತೆ. ಕಳ್ಳ ಹೋದ್ರೂ ಕಾವಲುಗಾರ ತಿಂಗಳುಗಟ್ಟಲೆ ಎದ್ದು ಹೋಗಲ್ಲ."

"ಕಾವಲಿದ್ರೂ ಇಷ್ಟು ದಿನ ಕಳ್ಳ ಹೇಗೆ ಉಳಿದ?"

"ಜಠರದ ಲೋಳೆಯೊಳಗೆ ಅಡಗಿರ್ತಾನೆ. ಕಾವಲಿನವರು ಗಲಾಟೆ ಮಾಡ್ತಾರೆ, ಅವನನ್ನ ಓಡಿಸೋಕಾಗಲ್ಲ. ಆ ಗಲಾಟೇಲಿ ಹುಣ್ಣಾಗೋದು ನಿಮ್ಮ ಹೊಟ್ಟೆಗೇ."

"ಥೇಟ್ ನಮ್ಮನೆ," ಎಂದಳು ದೊಡ್ಡಕ್ಕ. ಇಬ್ಬರೂ ನಕ್ಕರು.

"ಮಲ ಪರೀಕ್ಷೆ ಮಾಡಿಸಿ. ಕಳ್ಳ ಇದ್ದಾನೋ ಇಲ್ವೋ ಅದು ಹೇಳುತ್ತೆ."

"ನನಗೆ ಬಂದಿದ್ದೆಲ್ಲಿಂದ?"

"ಯಾರಿಗೆ ಗೊತ್ತು? ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟುತ್ತೆ. ಎಷ್ಟೋ ಜನಕ್ಕೆ ಇರೋದೇ ಗೊತ್ತಾಗಲ್ಲ."

ಶನಿವಾರ ಫಲಿತಾಂಶ ಬಂತು: ಬ್ಯಾಕ್ಟೀರಿಯಾ ಇಲ್ಲ. ಸೋಮವಾರ ಬೆಳಿಗ್ಗೆ ಅದನ್ನು ವಾರ್ಡನ್ನನ ಮೇಜಿನ ಮೇಲಿಟ್ಟಳು. ಅವನು ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು ನೋಡಿದ. ಲ್ಯಾಬಿಗೆ ಫೋನ್ ಕೂಡ ಮಾಡಿದ. ಕೊನೆಗೆ, "ಹೋಗು, ಒಲೆ ಹಚ್ಚು," ಎಂದ.

ಸಾರು ಕುದಿಯುವ ಹೊತ್ತಿಗೆ ಅವನೇ ಒಳಗೆ ಬಂದ. ರುಚಿ ನೋಡುವ ನೆಪದಲ್ಲಿ ಪಾತ್ರೆಯಲ್ಲಿದ್ದ ಸೌಟನ್ನೇ ತೆಗೆದು ಬಾಯಿಗೆ ಒಯ್ದ. ದೊಡ್ಡಕ್ಕ ಅವನ ಕೈ ಹಿಡಿದಳು.

"ಸಾರ್, ನಿಮ್ಮ ಪರೀಕ್ಷೆ ಯಾವಾಗ ಆಯ್ತು?"

ವಾರ್ಡನ್ ಸೌಟು ಬಿಟ್ಟು, ಬಟ್ಟಲು ಹುಡುಕತೊಡಗಿದ.