ಮನೆಗೊಬ್ಬರು

ಚಾಮರಾಜನಗರದಲ್ಲಿ ನಮ್ಮಂಥ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಇಟ್ಟಿದ್ದರು. ಊಟವಾದ ಮೇಲೆ ಮಾತಾಡಲು ಬಂದ ಮೇಷ್ಟ್ರು, ಕೆಲವು ದೇಶಗಳಲ್ಲಿ ಜನರೇ ಕಾನೂನು ತರಬಹುದು, ಸಾಕಷ್ಟು ರುಜು ಕೂಡಿಸಿಕೊಟ್ಟರೆ ಸರ್ಕಾರ ಅದನ್ನು ಜನರ ಮತಕ್ಕೆ ಹಾಕಲೇಬೇಕು ಎಂದರು. ನಮ್ಮಲ್ಲೂ ಅಂಥದ್ದು ಬೇಕು ಅನ್ನುವವರು ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ನನ್ನ ಕೈ ಮಡಿಲಲ್ಲೇ ಇತ್ತು. ಬೇಡ ಅಂತಲ್ಲ. ಈಚೆಗೆ ನನಗೆ ಏನೂ ಅನ್ನಿಸುವುದೇ ಇಲ್ಲ.

ನಮ್ಮೂರು ಹರವೆ ಕಡೆ, ಅರವತ್ತು ಮನೆ. ನಮ್ಮ ಯಜಮಾನರು ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಲಾರಿಗೆ ಈರುಳ್ಳಿ ಮೂಟೆ ತುಂಬುತ್ತಾರೆ. ಹೋದ ವರ್ಷದ ಮಾತು, ಆಗ ಅವರು ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಕೆಲಸ ಮುಗಿದ ಕೂಡಲೇ ಮೊದಲು ಸಿಕ್ಕ ಬಸ್ಸು ಹತ್ತುವುದು, ಇಳಿದು ನೇರ ಮನೆಗೆ ಬರುವುದು, ಇಷ್ಟೇ ಅವರ ಔಷಧಿ. ಅಷ್ಟರಲ್ಲಿ ನಮ್ಮ ಬಸ್ ಸ್ಟಾಪಿನ ಹೊಸ ಕಟ್ಟಡಕ್ಕೆ ಬ್ರಾಂದಿ ಅಂಗಡಿ ಬರುತ್ತದೆ ಅಂತ ಸುದ್ದಿಯಾಯಿತು.

"ಬಸ್ ಇಳಿಯೋ ಜಾಗ್ದಲ್ಲೇ ಮಡಗ್ತಾವ್ರೆ ಕಣಮ್ಮಿ. ಎಂಗಾರಾ ಮಾಡಿ ನಿಲ್ಲುಸ್ಬುಡು. ಎದುರಿಗಿದ್ರೆ ನನ್ ಕೈಲಿ ಆಗಕಿಲ್ಲ" ಅಂದರು. ನಾಚಿಕೆ ಬಿಟ್ಟು ಹೇಳಿದ ಮಾತು ಅದು. ಕೇಳಿ ನನಗೆ ತುಂಬ ಸಂಕಟವಾಯಿತು. ಆಗಿನ್ನೂ ಹಾಗೆಲ್ಲ ಆಗುತ್ತಿತ್ತು.

ಗ್ರಾಮಸಭೆಯಲ್ಲಿ ಜನರೇ ಬೇಡ ಅಂತ ಠರಾವು ಮಾಡಿದರೆ ಅಂಗಡಿಗೆ ಲೈಸನ್ಸ್ ಕೊಡುವುದಿಲ್ಲ ಎಂದು ಪಂಚಾಯ್ತಿಯಲ್ಲಿ ಯಾರೋ ಹೇಳಿದರು. ಸಭೆ ಕರೆಯಿರಿ ಅಂತ ಅರ್ಜಿ ಬರೆದು ಒಂದು ಮನೆಯನ್ನೂ ಬಿಡದೆ ತಿರುಗಿದೆ. ಪಾತ್ರೆ ತೊಳೆಯುತ್ತಿದ್ದವರು ಎದ್ದುಬಂದು ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ನಮ್ಮೂರಲ್ಲಿ ಸಭೆ ಅಂದರೆ ಮನೆಗೊಬ್ಬರು. ಕೆರೆ ಹೂಳೆತ್ತುವುದಿರಲಿ, ಮಾರಿಹಬ್ಬ ಇರಲಿ, ಜಗಳದ ತೀರ್ಮಾನ ಇರಲಿ, ಬಂದ ಒಬ್ಬರ ಮಾತೇ ಇಡೀ ಮನೆಯ ಮಾತು. ನಾನೂ ಪ್ರತಿ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದೆ: "ಮನೆಗೊಬ್ರು ಬಂದ್ರೆ ಸಾಕು ಕಣ್ರವ್ವ, ಮಿಕ್ಕೋರು ಕೆಲ್ಸಕ್ಕೋಗಿ."

ಸಭೆಯ ದಿನ ಯಜಮಾನರು ಸ್ನಾನ ಮಾಡಿ, ಒಗೆದ ಶರ್ಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

"ನಾನೂ ಬತ್ತೀನಿ. ನಂದೇ ತಾನೆ ಬಾಧೆ."

"ನಾನು ಓಯ್ತಾ ಇಲ್ವಾ? ಮನೆಗೊಬ್ರು ಸಾಕು. ಬಸ್ ಬಂತು, ನಡೀರಿ ಅತ್ಲಾಗೆ" ಅಂತ ಗದರಿದೆ. ಅವರು ಅದೇ ಶರ್ಟಿನಲ್ಲಿ ಮೂಟೆ ಹೊರಲು ಹೋದರು.

ಅರವತ್ತು ಮನೆಯಿಂದ ಅರವತ್ತು ಜನ ಬಂದು ಕೂತೆವು. ಪಂಚಾಯ್ತಿಗೆ ಸೇರಿದ ಬೇರೆ ಊರಿನವರು ತಲೆ ಹಾಕಲಿಲ್ಲ, ಅಂಗಡಿ ಬರುವುದು ನಮ್ಮೂರಿಗೆ ತಾನೆ. ಸಭೆ ನಡೆಸಲು ಬಂದ ಅಧಿಕಾರಿ ತಲೆ ಎಣಿಸಿ ಪುಸ್ತಕ ಮುಚ್ಚಿದರು. "ಕೋರಂ ಇಲ್ಲ. ಇಷ್ಟು ಜನ ಸಾಲದು. ಇಲ್ಲಿ ಮತದಾರರನ್ನ ಎಣಿಸೋದು, ಮನೆಗಳನ್ನಲ್ಲ."

ನಮ್ಮ ಎದುರುಮನೆಯ ಅಜ್ಜಿ ಎದ್ದು ನಿಂತಳು. "ಅಯ್ಯೋ ಸ್ವಾಮಿ, ನಮ್ಮನೇಲಿ ಏಳು ಜನ ಅವ್ರೆ. ಏಳು ಜನದ್ದೂ ನಾನೇ ಮಾತಾಡ್ತೀನಿ, ಬರ್ಕಳಿ!"

ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. ನಾನು ನಗಲಿಲ್ಲ. ಮಿಕ್ಕವರನ್ನು ಕೂಗಿ ಕರೆಯೋಣ ಅಂದರೆ ಅವರೆಲ್ಲ ಹೊಲದಲ್ಲಿದ್ದರು, ನಾನೇ ಕಳಿಸಿದ್ದೆ.

ಸಭೆ ಮುಂದಕ್ಕೆ ಹೋಯಿತು. ಮತ್ತೆ ಕರೆಯುವಷ್ಟರಲ್ಲಿ ಲೈಸನ್ಸ್ ಬಂದು ಅಂಗಡಿಯ ಷಟರ್ ಎದ್ದಿತ್ತು. ಆಮೇಲೆ ಊರಿಗೆ ಊರೇ ನೆರೆದು ಒಮ್ಮತದಿಂದ ಠರಾವು ಮಾಡಿದೆವು. ಅದನ್ನು ಮೇಲಕ್ಕೆ ಕಳಿಸಿದ್ದಾರೆ. ಇನ್ನೂ ಮೇಲೇ ಇದೆ.

ಮೊದಲ ವಾರ ಯಜಮಾನರು ಒಂದು ಸ್ಟಾಪ್ ಮೊದಲೇ ಇಳಿದು ಹೊಲದ ದಾರಿಯಲ್ಲಿ ನಡೆದು ಬಂದರು. ಎರಡನೇ ವಾರವೂ ಹಾಗೇ ಬಂದರು. ಮೂರನೇ ವಾರ ಸ್ಟಾಪಿನಲ್ಲೇ ಇಳಿದರು.

ತರಬೇತಿ ಮುಗಿಸಿ ಸಂಜೆ ನಾನು ಬಸ್ ಇಳಿದಾಗ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದೇಳಲು ನೋಡಿದರು, ಆಗಲಿಲ್ಲ. ಹೆಗಲಿಗೆ ಕೈ ಕೊಟ್ಟು ಎತ್ತಿದೆ.

"ಬಂದ್ಯಾ? ಅವತ್ತು ನಾನೂ ಬತ್ತೀನಿ ಅಂದಿದ್ನಲ್ಲಮ್ಮಿ" ಅಂದರು. ಕುಡಿದಾಗ ಮಾತ್ರ ಆಡುವ ಮಾತು, ಅದೂ ಬೈಗುಳದ ಹಾಗಲ್ಲ.

"ಊಂ, ಅಂದಿದ್ರಿ" ಅಂದೆ. ಅವರ ಊಟದ ಡಬ್ಬಿ ತೆಗೆದುಕೊಂಡು ಮನೆ ಕಡೆ ನಡೆಸಿಕೊಂಡು ಹೋದೆ.